ಹೊಳೆ ಬಂದು ಊರು ಬಿಟ್ಟವರು ಬೆಂಗಳೂರಿನಲ್ಲಿ ನೆಲೆ ನಿಲ್ಲೋದು ಹೇಗೆ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳಿಗೇ ನೀರು ನುಗ್ಗಿತ್ತಲ್ಲ, ಅದೇ ದಂಡೆಯ ಊರು ನಮ್ಮದು. ಹದಿನೈದು ದಿನ ಶಾಲೆಯಲ್ಲಿ ತೆರೆದ ಗಂಜಿ ಕೇಂದ್ರದಲ್ಲಿದ್ದು, ನಾನು, ಮನೆಯವರು, ಇಬ್ಬರು ಮಕ್ಕಳು, ನಮ್ಮತ್ತೆ ಬೆಂಗಳೂರು ಬಸ್ ಹತ್ತಿದೆವು. ಈಗ ಪೀಣ್ಯದ ಕಡೆ ಇದ್ದೇವೆ. ಮಳೆಗಾಲ ಬಂತೆಂದರೆ ಊರ ಕಡೆಯಿಂದ ಫೋನು: "ಅಕ್ಕಾ, ನಾವೂ ಬರ್ತೀವಿ, ಹೆಂಗ ಮಾಡೂದು?" ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಎಲ್ಲರೂ ಒಟ್ಟಿಗೆ ಬಸ್ ಹತ್ತಬೇಡಿ. ಸರ್ಕಾರದವರ ಮನೆ ಹಾನಿ ಸಮೀಕ್ಷೆ ಮುಗಿಯುವ ತನಕ ಒಬ್ಬರಾದರೂ ಊರಲ್ಲಿರಬೇಕು. ನಾವು ಸೋತದ್ದು ಇಲ್ಲೇ. ಆ ವರ್ಷ ಪರಿಹಾರಕ್ಕಾಗಿ ಮನೆಗಳನ್ನು ಹಾನಿ ನೋಡಿ ಎ, ಬಿ, ಸಿ ಎಂದು ವಿಂಗಡಿಸಿದರು. ಪೂರ್ತಿ ಬಿದ್ದದ್ದಕ್ಕೆ ಕಂತಿನಲ್ಲಿ 5 ಲಕ್ಷ, ಸಿ ಅಂದರೆ ಸ್ವಲ್ಪ ಹಾನಿ, ಅದಕ್ಕೆ 50 ಸಾವಿರ. ನೋಡಲು ಬಂದವರ ಕಣ್ಣಿಗೆ ಬಿದ್ದದ್ದು ನಮ್ಮ ಮುಂದಿನ ಗೋಡೆ, ಬಾಗಿಲ ಬೀಗ. ಹಿಂದೆ ಅಡುಗೆಮನೆಯೂ ಕೊಟ್ಟಿಗೆಯೂ ನೆಲ ಕಚ್ಚಿದ್ದನ್ನು ತೋರಿಸಲು ಯಾರೂ ಇರಲಿಲ್ಲ. ಸಿ ಎಂದು ಬರೆದುಕೊಂಡು ಹೋದರು. ಮೂರು ಸಲ ಓಡಾಡಿದರೂ ತಿದ್ದಿಸಲು ಆಗಲಿಲ್ಲ. ಅದಕ್ಕೇ ಹೇಳುತ್ತೇನೆ, ಹೊರಡುವ ಮುಂಚೆ ನಾಲ್ಕೂ ದಿಕ್ಕಿನಿಂದ, ಒಳಗಿನಿಂದ ಫೋಟೊ ತೆಗೆಯಿರಿ, ಮನೆಯವರೊಬ್ಬರು ಅದರಲ್ಲಿ ನಿಂತಿರಲಿ. ತಲಾಟಿಯವರಿಗೆ (ಗ್ರಾಮ ಆಡಳಿತಾಧಿಕಾರಿ) ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸಹಿ, ಸಿಕ್ಕಾ (ಮೊಹರು) ಹಾಕಿಸಿಕೊಳ್ಳಿ.

ನೆನೆದ ಕಾಗದಗಳನ್ನು ಬಿಸಿಲಿಗೆ ಹಾಕಬೇಡಿ. ಮಗಳ ಅಂಕಪಟ್ಟಿ ಬಿಸಿಲಿಗೆ ಹಪ್ಪಳದಂತೆ ಮುದುಡಿ, ಮಸಿ ಮಾಸಿಹೋಯಿತು. ಪಾಸ್‌ಬುಕ್ಕನ್ನು ಮಾತ್ರ ಹಾಳೆ ಹಾಳೆಗೂ ಪೇಪರ್ ತುಂಡು ಇಟ್ಟು, ದಿನಕ್ಕೆರಡು ಸಲ ಬದಲಿಸಿ ನೆರಳಲ್ಲಿ ಒಣಗಿಸಿದೆ, ಉಳಿಯಿತು. ಪಹಣಿ ಹೋಗಿದ್ದರೆ ಚಿಂತೆ ಬೇಡ, ನಾಡಕಚೇರಿಯಲ್ಲಿ ಮತ್ತೆ ಸಿಗುತ್ತದೆ.

ರೇಷನ್ ಕಾರ್ಡಿನಲ್ಲಿ ಊರಿನ ವಿಳಾಸವೇ ಇರಲಿ. ಅದೇ ಕಾರ್ಡಿಗೆ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ಕೊಟ್ಟು ಅಕ್ಕಿ ತರಬಹುದು. ಮತ್ತೆ ಹೊಳೆ ಬಂದರೆ, ಆ ಊರಿನವರು ಎಂದು ತೋರಿಸಲು ಕೈಯಲ್ಲೊಂದು ಕಾಗದ ಬೇಕಲ್ಲ.

ಮನೆಗೆ ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೇಳುವುದು ಇಲ್ಲಿಯ ರೂಢಿ. ನಮ್ಮಂಥವರು ಶುರುವಿಗೆ ತಗಡಿನ ಶೆಡ್ಡಿನಲ್ಲಿ ಇರಬೇಕಾಗುತ್ತದೆ. ಚೀಟಿ ಇಲ್ಲದೆ ಒಬ್ಬನ ಕೈಗೆ ಐದು ಸಾವಿರ ಕೊಟ್ಟೆವು, ಆಮೇಲೆ ಅವನ ಮುಖವೇ ಕಾಣಲಿಲ್ಲ. ಕೆಲಸಕ್ಕೆ ನಾಕಾದಲ್ಲಿ (ಕೂಲಿಯವರು ಕೆಲಸಕ್ಕೆ ಕಾಯುವ ಸರ್ಕಲ್ಲು) ನಿಂತಾಗ, ಗಾಡಿ ಹತ್ತುವ ಮುಂಚೆಯೇ ಪಗಾರ ಎಷ್ಟೆಂದು ಬಾಯಿಬಿಟ್ಟು ಕೇಳಿ. ದುಡಿದ ದಿನಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡಿಗೆ ಅರ್ಜಿ ಹಾಕಬಹುದು.

ಟಿ.ಸಿ. ನೀರುಪಾಲಾಯಿತು ಎಂದು ಮಕ್ಕಳನ್ನು ಮನೆಯಲ್ಲಿ ಕೂರಿಸಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಗುವನ್ನು, ದಾಖಲೆ ಇಲ್ಲ ಎಂಬ ಕಾರಣಕ್ಕೆ ಸರ್ಕಾರಿ ಶಾಲೆ ವಾಪಸ್ ಕಳಿಸುವಂತಿಲ್ಲ. ನಾನು ಹೆಡ್‌ಮಾಸ್ತರ ಮುಂದೆ ಇದನ್ನೇ ಹೇಳಿದೆ, ಅವತ್ತೇ ಹೆಸರು ಬರೆದುಕೊಂಡರು.

ಇನ್ನು ರೊಟ್ಟಿ. ಇಲ್ಲಿ ಪಾಕೀಟಿನಲ್ಲಿ ಬರುವ ಜೋಳದ ಹಿಟ್ಟು ಹಳೆಯದು, ಜಿಗಿ ಇರುವುದಿಲ್ಲ, ತಟ್ಟಿದರೆ ಅಂಚು ಸೀಳುತ್ತದೆ. ಜೋಳ ತಂದು ಬೀಸಿಸಿಕೊಳ್ಳಿ (ಗಿರಣಿ ಎಂದರೆ ಇಲ್ಲಿ ತಿಳಿಯಲಿಕ್ಕಿಲ್ಲ, ಮಿಲ್ಲು ಎನ್ನಿ). ಪಾಕೀಟಿನ ಹಿಟ್ಟೇ ಗತಿ ಎಂದಾದರೆ ಎಸರು ಕಳಕಳ ಕುದಿಯಬೇಕು. ಹಿಟ್ಟಿನ ನಡುವೆ ಗುಳಿ ಮಾಡಿ ಸುರಿದು, ಕೈ ತಾಳುವಷ್ಟು ಆರಿದ ಮೇಲೆ ಚೆನ್ನಾಗಿ ನಾದಿ. ಮೊದಲ ತಿಂಗಳು ಅನ್ನವನ್ನೇ ಉಂಡು ನಮ್ಮತ್ತೆ ಸೊರಗಿಹೋಗಿದ್ದರು. ರೊಟ್ಟಿಯ ಸಪ್ಪಳ ಕೇಳಿದ ದಿನ ತಾವೇ ಎದ್ದು ಒಲೆ ಮುಂದೆ ಬಂದು ಕೂತರು.

ಹಿರಿಯರನ್ನು ರಾತ್ರಿ ಮಳೆಯಲ್ಲಿ ಒಬ್ಬರನ್ನೇ ಬಿಡಬೇಡಿ. ತಗಡಿನ ಮೇಲೆ ಹನಿ ಬಿದ್ದರೆ ಸಾಕು, ಅತ್ತೆ ಎದ್ದು ಕಾಗದದ ಚೀಲವನ್ನು ಎದೆಗೆ ಅವಚಿಕೊಳ್ಳುತ್ತಾರೆ. "ಇಲ್ಲಿ ಹೊಳಿ ಇಲ್ಲ, ಮಲಕೋರಿ" ಅಂದರೆ ಅವರಿಗೆ ಸಮಾಧಾನ ಆಗುವುದಿಲ್ಲ. ದೀಪ ಹಾಕಿ ಪಕ್ಕದಲ್ಲಿ ಕೂಡಿ. ಎಮ್ಮೆ ಕಟ್ಟಿದ ಹಗ್ಗದ್ದೇ ಅವರಿಗೆ ಚಿಂತೆ, ಕೇಳುವುದು ಒಂದೇ ಮಾತು: "ಎಮ್ಮಿ ಕಣ್ಣಿ ಬಿಚ್ಚಿದ್ನೋ ಇಲ್ಲೋ?"

"ಬಿಚ್ಚೀರಿ ಅತ್ತೀ, ನಾ ನೋಡೀನಿ" ಅನ್ನುತ್ತೇನೆ. ಆಮೇಲೆ ಮಲಗುತ್ತಾರೆ.