ಫಲವತ್ತತೆ ದರದ ಗ್ರಾಫ್ ಓದುವುದು ಹೇಗೆ? ಭಾರತದ ಲೆಕ್ಕವನ್ನೇ ಇಟ್ಟುಕೊಂಡು ನೋಡೋಣ

ಭಾರತದ ಫಲವತ್ತತೆ ದರ, ಅಂದರೆ ಒಬ್ಬ ಹೆಂಗಸಿಗೆ ಸರಾಸರಿ ಎಷ್ಟು ಮಕ್ಕಳು ಎಂಬ ಲೆಕ್ಕ, 2020ರಲ್ಲಿ 2ಕ್ಕೆ ಇಳಿಯಿತು. ಈ ಒಂದು ಸಾಲನ್ನು ಹಿಡಿದುಕೊಂಡು ಒಬ್ಬರು "ದೇಶ ಮುದಿಯಾಗುತ್ತಿದೆ, ಈಗಿನ ಹೆಣ್ಣುಮಕ್ಕಳಿಗೆ ಮಕ್ಕಳೇ ಬೇಡ" ಎಂದು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ, ಇನ್ನೊಬ್ಬರು "ಜನಸಂಖ್ಯೆ ಏರುತ್ತಲೇ ಇದೆಯಲ್ಲ, ಈ ಅಂಕಿಯೇ ಸುಳ್ಳು" ಎನ್ನುತ್ತಾರೆ. ಅಂಕಿ ಸುಳ್ಳಲ್ಲ. ಅದನ್ನು ಓದುವ ಕ್ರಮ ಬೇರೆ ಇದೆ, ಅಷ್ಟೇ. ಗಣಿತ ಬರಲ್ಲ ಅನ್ನುವವರೂ ಓದಬಹುದು.

ಮೊದಲು ಆ ಅಂಕಿ ಎಲ್ಲಿಂದ ಬರುತ್ತದೆ ಎಂದು ಒಂದು ಸಲ ಕೈಯಾರೆ ಲೆಕ್ಕ ಹಾಕಿ. ಎಕ್ಸೆಲ್ ಆದರೂ ಸರಿ, ಹಳೇ ನೋಟ್‌ಬುಕ್ ಆದರೂ ಸರಿ. 15ರಿಂದ 49 ವರ್ಷದ ಹೆಂಗಸರನ್ನು ಐದೈದು ವರ್ಷದ ಏಳು ಗುಂಪು ಮಾಡಿ: 15–19, 20–24, ಹೀಗೆ 45–49ರವರೆಗೆ. ಪ್ರತಿ ಗುಂಪಿನಲ್ಲಿ 1000 ಹೆಂಗಸರಿಗೆ ಆ ವರ್ಷ ಎಷ್ಟು ಮಕ್ಕಳು ಹುಟ್ಟಿದವು ಎಂದು ಬರೆಯಿರಿ. ಅಭ್ಯಾಸಕ್ಕೆ ನಾನೇ ಅಂಕಿ ಕೊಡುತ್ತೇನೆ: 40, 160, 120, 60, 15, 4, 1. ಕೂಡಿದರೆ 400. ಒಂದೊಂದು ಗುಂಪನ್ನು ದಾಟಲು ಐದು ವರ್ಷ ಬೇಕು, ಹಾಗಾಗಿ 5ರಿಂದ ಗುಣಿಸಿ, 2000. ಇದು ಸಾವಿರ ಹೆಂಗಸರ ಲೆಕ್ಕ, 1000ದಿಂದ ಭಾಗಿಸಿ. ಉತ್ತರ 2. ಇದೇ ಒಟ್ಟು ಫಲವತ್ತತೆ ದರ, ಟಿಎಫ್‌ಆರ್.

ಗಮನಿಸಿದಿರಾ? ಇದರಲ್ಲಿ ಯಾವ ಹೆಂಗಸಿನ ಇಡೀ ಬದುಕೂ ಇಲ್ಲ. ಇವತ್ತಿನ 18ರ ಹುಡುಗಿ, 25ರ ತಾಯಿ, 40ರ ಹೆಂಗಸು, ಇವರೆಲ್ಲರ ಒಂದೇ ವರ್ಷವನ್ನು ಜೋಡಿಸಿ "ಒಬ್ಬಳೇ ಹೀಗೆ ಬದುಕಿದರೆ ಅವಳಿಗೆ ಎಷ್ಟು ಮಕ್ಕಳಾಗಬಹುದು" ಎಂದು ಕೇಳಿದ ಪ್ರಶ್ನೆಗೆ ಸಿಕ್ಕ ಉತ್ತರ ಇದು. ಇದನ್ನು ಮರೆತರೆ ಮುಂದಿನದೆಲ್ಲ ತಪ್ಪುತ್ತದೆ.

ಯಾಕೆ ಅಂತೀರಾ? ಜಪಾನ್ ನೋಡಿ. ನಮ್ಮ ಪ್ರಭವ, ವಿಭವ ಸಂವತ್ಸರಗಳ ಹಾಗೆ ಅವರ ಪಂಚಾಂಗಕ್ಕೂ 60 ವರ್ಷದ ಚಕ್ರ ಇದೆ. ಅದರಲ್ಲಿ ಬೆಂಕಿ ಕುದುರೆಯ ವರ್ಷ ಹುಟ್ಟಿದ ಹೆಣ್ಣು ಗಂಡನಿಗೆ ಆಗಿಬರಲ್ಲ ಎಂಬ ನಂಬಿಕೆ, ನಮ್ಮಲ್ಲಿ ಮೂಲಾ ನಕ್ಷತ್ರದ ಹುಡುಗಿಯರನ್ನು ಕಾಡುವಂಥದ್ದೇ. 1966 ಅಂಥ ವರ್ಷ. 1965ರಲ್ಲಿ 2.14 ಇದ್ದ ದರ ಆ ವರ್ಷ 1.58ಕ್ಕೆ ಬಿತ್ತು, 1967ರಲ್ಲಿ 2.23ಕ್ಕೆ ಏರಿತು. ಜಪಾನಿನ ಹೆಂಗಸರಿಗೆ ಒಂದೇ ವರ್ಷದಲ್ಲಿ ಮಕ್ಕಳು ಬೇಡವಾಗಿ, ಮರುವರ್ಷ ಮತ್ತೆ ಬೇಕಾಗಲಿಲ್ಲ. ಬಹಳಷ್ಟು ಜನ ಆ ವರ್ಷ ತಪ್ಪಿಸಿ ಹಿಂದೆ ಮುಂದೆ ಮಾಡಿಕೊಂಡರು. ಮದುವೆ ತಡವಾದರೂ, ಮೊದಲ ಮಗುವನ್ನು ಮುಂದೂಡಿದರೂ ಆಗುವುದು ಇದೇ, ಆದರೆ ನಿಧಾನವಾಗಿ. ಹಾಗಾಗಿ ಗ್ರಾಫ್‌ನಲ್ಲಿ ಒಂದು ಚುಕ್ಕೆ ಕೆಳಗಿದ್ದರೆ ಗಾಬರಿ ಬೇಡ. ಹತ್ತಿಪ್ಪತ್ತು ವರ್ಷದ ಗೆರೆ ನೋಡಿ. ವಯಸ್ಸಿನ ಗುಂಪುಗಳ ಅಂಕಿ ಸಿಕ್ಕರೆ, ಇಳಿದದ್ದು 15–19ರಲ್ಲಿಯೋ 30ರ ಮೇಲೆಯೋ ಎಂದು ಹುಡುಕಿ. ಹದಿಹರೆಯದ ಹೆರಿಗೆ ಕಡಿಮೆಯಾಗಿ ದರ ಇಳಿದಿದ್ದರೆ ಅದು ಸಂತೋಷದ ಸುದ್ದಿ, ಅಲ್ವಾ?

ಇನ್ನು ಅಂಕಿ ಎಲ್ಲಿ ಸಿಗುತ್ತದೆ? ನಮ್ಮಲ್ಲಿ ಮುಖ್ಯವಾಗಿ ಎರಡು ಕಡೆ. ಮಾದರಿ ನೋಂದಣಿ ವ್ಯವಸ್ಥೆ, ಅಂದರೆ ಎಸ್‌ಆರ್‌ಎಸ್, ವರ್ಷ ವರ್ಷದ ಅಂಕಿ ಕೊಡುತ್ತದೆ: 1971ರಲ್ಲಿ 5.2, 1991ರಲ್ಲಿ 3.6, 2011ರಲ್ಲಿ 2.4, 2020ರಲ್ಲಿ 2.0. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೆಲವು ವರ್ಷಕ್ಕೊಮ್ಮೆ ಮನೆಮನೆಗೆ ಹೋಗಿ ಕೇಳಿ, ಹಿಂದಿನ ಮೂರು ವರ್ಷದ ಹೆರಿಗೆಗಳನ್ನು ಲೆಕ್ಕ ಹಾಕುತ್ತದೆ: 1992–93ರಲ್ಲಿ 3.4, 2019–21ರಲ್ಲಿ 2.0. ಎರಡನ್ನೂ ಬೆರೆಸಿ ಒಂದೇ ಗೆರೆ ಎಳೆಯಬೇಡಿ. ಒಂದನ್ನು ಹಿಡಿದರೆ ಕೊನೆವರೆಗೂ ಅದನ್ನೇ ಹಿಡಿಯಿರಿ. ಜನನ ದರ ಅನ್ನುವುದು ಬೇರೆಯೇ, ಅದು ಒಟ್ಟು 1000 ಜನರಿಗೆ ಎಷ್ಟು ಹುಟ್ಟು ಎಂಬ ಲೆಕ್ಕ.

ಗೆರೆ ಸಿಕ್ಕ ಮೇಲೆ 2.1ರ ಹತ್ತಿರ ಒಂದು ಅಡ್ಡಗೆರೆ ಎಳೆಯಿರಿ. ಅಪ್ಪ ಅಮ್ಮ ಇಬ್ಬರ ಜಾಗಕ್ಕೆ ಇಬ್ಬರು ಬರಬೇಕು. ಹುಟ್ಟುವಾಗಲೇ ಗಂಡು ಸ್ವಲ್ಪ ಜಾಸ್ತಿ, ಕೆಲವು ಹೆಣ್ಣುಮಕ್ಕಳು ತಾಯಿಯಾಗುವ ಮೊದಲೇ ತೀರಿಕೊಳ್ಳುತ್ತಾರೆ, ಅದಕ್ಕೆ ಆ ಪಾಯಿಂಟ್ ಒಂದು. ಈ ಗೆರೆಗಿಂತ ಕೆಳಗೆ ಇಳಿದ ತಕ್ಷಣ ಜನಸಂಖ್ಯೆ ಇಳಿಯುವುದಿಲ್ಲ. ಹಿಂದೆ ದರ ಜಾಸ್ತಿ ಇದ್ದಾಗ ಹುಟ್ಟಿದ ಕೋಟ್ಯಂತರ ಹುಡುಗಿಯರು ಈಗ ತಾಯಂದಿರಾಗುವ ವಯಸ್ಸಿನಲ್ಲಿದ್ದಾರೆ, ಒಬ್ಬೊಬ್ಬರಿಗೆ ಇಬ್ಬರೇ ಮಕ್ಕಳಾದರೂ ಒಟ್ಟು ಹುಟ್ಟು ಸಾವಿಗಿಂತ ಜಾಸ್ತಿಯೇ ಇರುತ್ತದೆ. ವಿಶ್ವಸಂಸ್ಥೆಯ 2024ರ ಅಂದಾಜಿನಲ್ಲಿ ಭಾರತದ ಜನಸಂಖ್ಯೆ ತುದಿ ಮುಟ್ಟುವುದು 2060ರ ದಶಕದ ಆರಂಭದಲ್ಲಿ, ಸುಮಾರು 170 ಕೋಟಿಯಲ್ಲಿ. ವಾಟ್ಸಾಪ್‌ನ ಆ ಇಬ್ಬರ ಜಗಳ ಇಲ್ಲಿಗೆ ಮುಗಿಯಿತು.

ಗೆರೆ ಯಾಕೆ ಇಳಿಯಿತು ಎಂದು ಹುಡುಕುವಾಗ ಒಂದೇ ಕಾರಣಕ್ಕೆ ಅಂಟಿಕೊಳ್ಳಬೇಡಿ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದಿತ್ತು, ಇಡೀ ದೇಶದ ಕುಟುಂಬ ಯೋಜನೆ ಕಾರ್ಯಕ್ರಮ 1952ರಲ್ಲಿ ಶುರುವಾಯಿತು. ಆಮೇಲೆ ಅದರ ಗುರುತಾದ ಕೆಂಪು ತ್ರಿಕೋನ, "ಆರತಿಗೊಬ್ಬಳು ಕೀರ್ತಿಗೊಬ್ಬ" ಎಲ್ಲ ಬಂದವು. ಹುಟ್ಟಿದ ಮಗು ಉಳಿಯುತ್ತದೆ ಎಂಬ ಧೈರ್ಯ ಬಂದದ್ದು, ಹುಡುಗಿಯರು ಶಾಲೆಯಲ್ಲಿ ಉಳಿದದ್ದು ಇವಕ್ಕಿಂತ ಕಡಿಮೆ ಕೆಲಸ ಮಾಡಿಲ್ಲ. ತುರ್ತು ಪರಿಸ್ಥಿತಿಯಲ್ಲಿ, 1976–77ರ ಒಂದೇ ವರ್ಷ, ಸುಮಾರು 62 ಲಕ್ಷ ಗಂಡಸರಿಗೆ ಮಕ್ಕಳಾಗದಂತೆ ಆಪರೇಷನ್ ಮಾಡಿದರು, ಎಷ್ಟೋ ಕಡೆ ಬಲವಂತವಾಗಿ. ಆಮೇಲೆ ಗಂಡಸರು ಅದರ ತಂಟೆಗೇ ಬರಲಿಲ್ಲ, ಭಾರವೆಲ್ಲ ಹೆಂಗಸರ ಮೈಮೇಲೆ ಬಿತ್ತು. 2019–21ರ ಸಮೀಕ್ಷೆಯಲ್ಲಿ ಮದುವೆಯಾದ ಹೆಂಗಸರಲ್ಲಿ 37.9% ಜನ ಆಪರೇಷನ್ ಮಾಡಿಸಿಕೊಂಡವರು, ಗಂಡಂದಿರದ್ದು 0.3%. ಕರ್ನಾಟಕದಲ್ಲಂತೂ ಅರ್ಧಕ್ಕಿಂತ ಜಾಸ್ತಿ ಹೆಂಗಸರು. ಇಳಿಯುವ ಗೆರೆ ನೋಡಿ ಖುಷಿಪಡುವಾಗ ಈ ಅಂಕಿಯನ್ನೂ ಪಕ್ಕದಲ್ಲಿ ಬರೆದಿಡಿ, ದಯವಿಟ್ಟು.

ಕೊನೆಗೆ ಸರಾಸರಿಯನ್ನು ಬಿಡಿಸಿ ನೋಡಿ. ಅದೇ ಸಮೀಕ್ಷೆಯಲ್ಲಿ ಬಿಹಾರ 3.0, ಉತ್ತರ ಪ್ರದೇಶ 2.4, ಕೇರಳ 1.8, ಕರ್ನಾಟಕ 1.7, ಸಿಕ್ಕಿಂ 1.1. ಜನಸಂಖ್ಯೆ ನೋಡಿ ಲೋಕಸಭೆ ಸೀಟುಗಳನ್ನು ಮರುಹಂಚುವ ಮಾತು ಬಂದಾಗ ದಕ್ಷಿಣದವರು ಚಿಂತೆ ಮಾಡುವುದು ಇದಕ್ಕೇ. ಧರ್ಮದ ಹೆಸರಲ್ಲಿ ಯಾರಾದರೂ ಒಂದೇ ವರ್ಷದ ಅಂಕಿ ತೋರಿಸಿದರೆ ಹಳೆಯದನ್ನೂ ಕೇಳಿ. 1992–93ರಲ್ಲಿ ಮುಸ್ಲಿಮರದು 4.4, ಹಿಂದೂಗಳದು 3.3, 2019–21ರಲ್ಲಿ 2.4 ಮತ್ತು 1.9. ಅಂತರ ಅರ್ಧಕ್ಕಿಂತ ಕಡಿಮೆಯಾಗಿದೆ. ಶಾಲೆಯ ಮುಖವನ್ನೇ ನೋಡದ ಹೆಂಗಸರ ದರ 2.8, 12 ವರ್ಷ ಅಥವಾ ಜಾಸ್ತಿ ಓದಿದವರದು 1.8. ಈ ಅಂತರ ಧರ್ಮದ ಅಂತರದ ಎರಡು ಪಟ್ಟು, ಮತ್ತು ಶಾಲೆಗೆ ಕಳಿಸಿದರೆ ಕಡಿಮೆಯಾಗುವ ಅಂತರ.