ಶಿರಸಿ–ಕಾರವಾರದ ದಾರಿಗೆ ಕಾರಿನ ಜಿಪಿಎಸ್ ಅಣಿಮಾಡುವುದು ಹೇಗೆ

ಘಟ್ಟ ಇಳಿಯುವಾಗ ಮೊಬೈಲ್ ನೆಟ್‌ವರ್ಕ್ ಹೋದರೆ ಫೋನಿನ ನಕ್ಷೆ ಅರ್ಧಕ್ಕೇ ನಿಂತುಬಿಡುವುದುಂಟು. ಗಾಜಿಗೆ ಅಂಟಿಸುವ ಪ್ರತ್ಯೇಕ ಜಿಪಿಎಸ್ ಯಂತ್ರಕ್ಕೆ ಈ ತೊಂದರೆ ಇಲ್ಲ. ಪೂರ್ತಿ ನಕ್ಷೆ ಅದರೊಳಗೇ ಇರುತ್ತದೆ. ಹಳೆಯ ಗಾರ್ಮಿನ್, ಟಾಮ್‌ಟಾಮ್ ಅಥವಾ ಮ್ಯಾಪ್‌ಮೈಇಂಡಿಯಾ ಯಂತ್ರ ಮನೆಯಲ್ಲಿದ್ದರೆ ಬಿಸಾಡಬೇಡಿ, ಇನ್ನೂ ಕೆಲಸಕ್ಕೆ ಬರುತ್ತದೆ. ಆದರೆ ನೀವು ಎಲ್ಲಿದ್ದೀರಿ, ರಸ್ತೆ ಎತ್ತ ಹೋಗುತ್ತದೆ ಎಂಬುದಷ್ಟೇ ಅದಕ್ಕೆ ಗೊತ್ತು. ಆ ರಸ್ತೆ ಇವತ್ತು ತೆರೆದಿದೆಯೋ ಇಲ್ಲವೋ ತಿಳಿಯದು. ಹಾಗಾಗಿ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದನ್ನು ಬಳಸುವವರು ಮನೆಯಲ್ಲೇ ಅರ್ಧ ಗಂಟೆ ಕೂತು ಸಿದ್ಧತೆ ಮಾಡಿಕೊಳ್ಳಬೇಕು.

ಮೊದಲು ಆಕಾಶ

ತಿಂಗಳುಗಟ್ಟಲೆ ಕಪಾಟಿನಲ್ಲಿದ್ದ ಯಂತ್ರವನ್ನು ಹೊರಡುವ ಗಳಿಗೆಯಲ್ಲಿ ಆನ್ ಮಾಡಿದರೆ ಅದು ತಡಕಾಡುತ್ತದೆ. ಜಾಗದ ಜೊತೆ ಎತ್ತರವೂ ಗೊತ್ತಾಗಬೇಕಾದರೆ ಕನಿಷ್ಠ 4 ಉಪಗ್ರಹಗಳು ಸಿಗಬೇಕು. ಪ್ರತಿ ಉಪಗ್ರಹ ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಕಳಿಸುತ್ತದೆ. ಎಲ್ಲ ಉಪಗ್ರಹಗಳ ಪೂರ್ತಿ ಪಟ್ಟಿ ಬರಲು 12.5 ನಿಮಿಷ ಬೇಕು. ನಡುವೆ ಮರವೋ ಗುಡ್ಡವೋ ಅಡ್ಡ ಬಂದು ಕೊಂಡಿ ತಪ್ಪಿದರೆ ಆ ಭಾಗಕ್ಕೆ ಮತ್ತೆ ಕಾಯಬೇಕು. ಹಾಗಾಗಿ ಅಡಿಕೆ ತೋಟದ ನೆರಳಿನಲ್ಲಿ ಬೇಡ. ಅಂಗಳದಲ್ಲೋ ಗದ್ದೆ ಬಯಲಿನಲ್ಲೋ ಗಾಡಿ ನಿಲ್ಲಿಸಿಕೊಂಡು ಕಾಲು ಗಂಟೆ ಆನ್ ಇಡಿ. ಗಾರ್ಮಿನ್‌ನ ನೂವಿ ಮಾದರಿಯಲ್ಲಿ ಸಿಗ್ನಲ್ ಗೆರೆಗಳ ಚಿತ್ರವನ್ನು ಒತ್ತಿ ಹಿಡಿದರೆ ಯಾವ ಉಪಗ್ರಹ ಸಿಕ್ಕಿದೆ ಎಂಬುದು ಕಾಣುತ್ತದೆ.

ಮಳೆಯಿಂದ ಸಿಗ್ನಲ್ ಹೋಗುತ್ತದೆ ಎಂಬ ಮಾತಿದೆ. ಮಳೆಹನಿ ಅದನ್ನು ತಡೆಯುವುದಿಲ್ಲವೆಂದೇ ಹೇಳಬಹುದು. ತಡೆಯುವುದು ದಟ್ಟ ಕಾಡಿನ ಒದ್ದೆ ಎಲೆ. ಘಟ್ಟದಲ್ಲಿ ದರೆಗೆ ಬಡಿದು ತಿರುಗಿ ಬರುವ ಸಿಗ್ನಲಿನಿಂದಲೂ ಗಾಡಿಯ ಗುರುತು ರಸ್ತೆ ಬಿಟ್ಟು ಪಕ್ಕಕ್ಕೆ ಜಾರುತ್ತದೆ. ಕಾರವಾರ–ಬಿಣಗಾ ನಡುವಿನ ಸುರಂಗದಲ್ಲಂತೂ ಸಿಗ್ನಲ್ ಇರುವುದೇ ಇಲ್ಲ. ಹೊರಬಂದು ಕೆಲವು ಸೆಕೆಂಡು ಕಾಯಿರಿ, ಅಷ್ಟರೊಳಗೆ ಅದು ‘ತಿರುಗಿ’ ಎಂದರೆ ತಿರುಗಬೇಡಿ.

ತಾರೀಖು ಸುಮಾರು ಇಪ್ಪತ್ತು ವರ್ಷ ಹಿಂದಿನದು ತೋರಿಸಿದರೆ ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ. ಜಿಪಿಎಸ್ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. ಕಳೆದ ಸಲ ಹಾಗಾದದ್ದು 2019ರ ಏಪ್ರಿಲ್‌ನಲ್ಲಿ. ತಯಾರಕರ ಸಾಫ್ಟ್‌ವೇರ್ ಅಪ್‌ಡೇಟ್ ಸಿಕ್ಕಿದರೆ ಹಾಕಿ.

ಹೆಸರು ನಂಬಬೇಡಿ, ಅಂಕಿ ಹಾಕಿ

ಎಡವಟ್ಟು ಹೆಚ್ಚು ಆಗುವುದು ಇಲ್ಲೇ. ಅಂಕೋಲೆಯಲ್ಲೂ ಶಿರೂರು ಇದೆ, ಭಟ್ಕಳ ದಾಟಿದರೆ ಉಡುಪಿ ಜಿಲ್ಲೆಯಲ್ಲೂ ಶಿರೂರು ಇದೆ. ಎರಡೂ ಅದೇ ಹೆದ್ದಾರಿ 66ರ ಮೇಲೆ. ಸಿದ್ದಾಪುರಗಳಂತೂ ರಾಜ್ಯದಲ್ಲಿ ಹಲವು. ಹೊನ್ನಾವರ, ಗೇರುಸೊಪ್ಪ, ಯಲ್ಲಾಪುರಕ್ಕೆ ಇಂಗ್ಲಿಷಿನಲ್ಲಿ ಎರಡು ಮೂರು ಬಗೆಯ ಕಾಗುಣಿತ ಇದೆ. ಒಂದರಲ್ಲಿ ಸಿಗದಿದ್ದರೆ ಇನ್ನೊಂದರ ಮೊದಲ ನಾಲ್ಕು ಅಕ್ಷರ ಮಾತ್ರ ಹೊಡೆದು ಪಟ್ಟಿ ನೋಡಿ, ತಾಲೂಕು ಓದಿ ಆರಿಸಿ.

ಅಕ್ಷಾಂಶ–ರೇಖಾಂಶ ಹಾಕುವುದು ಇನ್ನೂ ಗಟ್ಟಿ ದಾರಿ. ಆದರೆ ಯಂತ್ರ ಯಾವ ಮಾದರಿ ಕೇಳುತ್ತದೆ ಎಂದು ಸೆಟ್ಟಿಂಗ್ಸ್‌ನಲ್ಲಿ ಮೊದಲು ನೋಡಿ. ಶಿರಸಿ ಸುಮಾರು 14.62 ಉತ್ತರ, 74.84 ಪೂರ್ವ. ಡಿಗ್ರಿ–ನಿಮಿಷದಲ್ಲಿ ಬರೆದರೆ ಅದೇ ಜಾಗ 14°37.2', 74°50.4'. ಚುಕ್ಕಿಯ ನಂತರದ ಭಾಗವನ್ನು 60ರಿಂದ ಗುಣಿಸಿದರೆ ನಿಮಿಷ ಬರುತ್ತದೆ, ಅಷ್ಟೇ ಲೆಕ್ಕ. ಎರಡನ್ನೂ ಕಲಸಿ 14.372, 74.504 ಎಂದು ಹೊಡೆದರೆ ಶಿರಸಿಯಿಂದ ಸುಮಾರು 45 ಕಿಲೋಮೀಟರ್ ದೂರ, ಕುಮಟಾ–ಹೊನ್ನಾವರದ ಮೂಡಣ ಗುಡ್ಡಗಳ ಕಡೆ ಬಾವುಟ ನೆಡುತ್ತದೆ. ತೋಟದ ನಡುವಿನ ಮನೆಗೆ ಹೋಗುವುದಾದರೆ ಮನೆಯ ಬಿಂದುವಿನ ಜೊತೆ ಡಾಂಬರು ರಸ್ತೆ ಬಿಡುವ ಕ್ರಾಸನ್ನೂ ಬೇರೆ ಬಿಂದುವಾಗಿ ಉಳಿಸಿ. ಮನೆಯೊಂದನ್ನೇ ಕೊಟ್ಟರೆ ಹಿಂದಿನ ಗುಡ್ಡದ ರಸ್ತೆಯೇ ಹತ್ತಿರವೆಂದು ಲೆಕ್ಕ ಹಾಕಿ, ಕಾಲುಸಂಕದ ಆಚೆ ದಡದಲ್ಲಿ ‘ತಲುಪಿದಿರಿ’ ಎಂದುಬಿಡಬಹುದು.

ದಾರಿ ನೀವು ಆರಿಸಿ

ದಾರಿ ಆರಿಸುವ ಸೆಟ್ಟಿಂಗ್‌ನಲ್ಲಿ ‘ಶಾರ್ಟರ್’ ಬಿಟ್ಟು ‘ಫಾಸ್ಟರ್’ ಇಡಿ. ಮಣ್ಣು ರಸ್ತೆ ಬೇಡ, ದೋಣಿ ದಾಟು ಬೇಡ, ಎರಡಕ್ಕೂ ಗುರುತು ಹಾಕಿ. ತದಡಿಯಲ್ಲಿ ನಿಂತರೆ ಅಘನಾಶಿನಿ ಊರು ಹೊಳೆಯಾಚೆ ಎದುರಿಗೇ ಕಾಣುತ್ತದೆ, ಆದರೆ ಕಾರು ಮಿರ್ಜಾನ್ ಕಡೆಯಿಂದ ಸುತ್ತಿಯೇ ಬರಬೇಕು. ದೋಣಿದಾರಿಗೆ ಅವಕಾಶ ಕೊಟ್ಟರೆ ಯಂತ್ರ ಹೊಳೆಯ ದಡಕ್ಕೇ ತಂದು ನಿಲ್ಲಿಸಬಹುದು.

ಶಿರಸಿಯಿಂದ ಕರಾವಳಿಗೆ ಇಳಿಯಲು ಒಂದಲ್ಲ, ಮೂರು ದಾರಿ ಬೇರೆ ಬೇರೆ ಹೆಸರಿನಲ್ಲಿ ಉಳಿಸಿಟ್ಟುಕೊಳ್ಳಿ: ದೇವಿಮನೆ ಮೂಲಕ ಕುಮಟಾ; ಯಲ್ಲಾಪುರ, ಅರಬೈಲ್ ಮೂಲಕ ಅಂಕೋಲಾ; ಸಿದ್ದಾಪುರ, ಮಾವಿನಗುಂಡಿ, ಗೇರುಸೊಪ್ಪ ಮೂಲಕ ಹೊನ್ನಾವರ. ಪ್ರತಿಯೊಂದಕ್ಕೂ ನಡುವಿನ ಊರುಗಳನ್ನು ‘ವಯಾ’ ಬಿಂದುವಾಗಿ ಕೊಡದಿದ್ದರೆ ಯಂತ್ರ ಮತ್ತೆ ಮತ್ತೆ ಹತ್ತಿರದ ಘಟ್ಟಕ್ಕೇ ಎಳೆಯುತ್ತದೆ. ವಯಾ ಬಿಂದುವನ್ನು ಪೇಟೆಯ ಒಳಗೆ ಇಡದೆ ಮುಖ್ಯರಸ್ತೆಯ ಮೇಲೇ ಇಡಿ, ಇಲ್ಲದಿದ್ದರೆ ಊರೊಳಗೆ ಹೊಕ್ಕು ಬರಲು ಹೇಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವ ಬೆಳಿಗ್ಗೆ ಘಟ್ಟ ತೆರೆದಿದೆಯೇ ಎಂದು ಕೆಳಗಿನ ಊರಿನವರಿಗೆ ಫೋನ್ ಮಾಡಿ ಕೇಳಿ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಯಿತು. ಅದೇ ವರ್ಷ ಆಗಸ್ಟ್ 7ರಂದು ಕಾರವಾರದ ಹಳೆಯ ಕಾಳಿ ಸೇತುವೆ ಬಿತ್ತು. ಹಳೆಯ ನಕ್ಷೆಯಲ್ಲಿ ಆ ಸೇತುವೆ ಇನ್ನೂ ನಿಂತೇ ಇರುತ್ತದೆ. ಪೊಲೀಸರ ಬ್ಯಾರಿಕೇಡು, ರಸ್ತೆಬದಿಯ ಬೋರ್ಡು ಏನು ಹೇಳುತ್ತದೋ ಅದೇ ಸರಿ.

ನಕ್ಷೆ, ಕರೆಂಟು, ಉಪ್ಪುಗಾಳಿ

ಕಂಪನಿ ನಕ್ಷೆ ನಿಲ್ಲಿಸಿದ್ದರೂ ಗಾರ್ಮಿನ್‌ಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ನಕ್ಷೆ ಹಾಕಬಹುದು. ಮೆಮೊರಿ ಕಾರ್ಡ್ ಹಾಕುವ ಕಿಂಡಿ ಇರುವ ಮಾದರಿ ಬೇಕು. ಕಾರ್ಡನ್ನು ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿ, ‘ಗಾರ್ಮಿನ್’ ಹೆಸರಿನ ಫೋಲ್ಡರಿನಲ್ಲಿ ‘ಜಿಮ್ಯಾಪ್‌ಸಪ್’ (gmapsupp.img) ಎಂಬ ನಕ್ಷೆಯ ಕಡತ ಇಡಿ. ಕಡತ 4 ಜಿಬಿ ಮೀರಬಾರದು. ಆಮೇಲೆ ಮೆನುವಿನಲ್ಲಿ ಹಳೆಯ ನಕ್ಷೆಯ ಟಿಕ್ ತೆಗೆಯಿರಿ; ಎರಡೂ ಆನ್ ಇದ್ದರೆ ಹೊಸ ರಸ್ತೆ ಹಳೆಯದರ ಅಡಿಗೆ ಮರೆಯಾಗುತ್ತದೆ.

ಹೀರುಬಟ್ಟಲು ಬಿಸಿಲಿಗೆ ಕಳಚಿ ಬೀಳುತ್ತದೆ. ಗಾಜನ್ನು ಒರೆಸಿ ಒಣಗಿಸಿ, ಬಟ್ಟಲನ್ನು ಬೆಚ್ಚನೆ ನೀರಿನಲ್ಲಿ ತೊಳೆದು ಒತ್ತಿ. ಗಾಜಿನ ಕೆಳಮೂಲೆಯಲ್ಲಿ, ಏರ್‌ಬ್ಯಾಗ್ ಬಿಚ್ಚುವ ಜಾಗ ತಪ್ಪಿಸಿ ಕೂರಿಸಿ. ಚಾರ್ಜ್ ಆಗದಿದ್ದರೆ ಮೊದಲು 12 ವೋಲ್ಟ್ ಪ್ಲಗ್ ನೋಡಿ. ಬಹಳಷ್ಟು ಪ್ಲಗ್‌ಗಳ ತುದಿ ತಿರುಗಿಸಿ ಬಿಚ್ಚಿದರೆ ಒಳಗೆ ಸಣ್ಣ ಗಾಜಿನ ಫ್ಯೂಸ್ ಇರುತ್ತದೆ, ಅದರ ಮೇಲೆ ಬರೆದಷ್ಟೇ ಆಂಪಿಯರಿನದನ್ನು ಹಾಕಿ. ಕಡಲ ಗಾಳಿಗೆ ಸಾಕೆಟ್ಟಿನ ಹಿತ್ತಾಳೆ ಹಸಿರುಗಟ್ಟಿದ್ದರೆ ಮೊದಲು ಆ ಸಾಕೆಟ್ಟಿನ ಕಾರಿನ ಫ್ಯೂಸ್ ತೆಗೆದು, ಒಣ ಬ್ರಷ್‌ನಿಂದ ಉಜ್ಜಿ. ಬೇರೆ ಯಾವುದೋ ಯುಎಸ್‌ಬಿ ಕೇಬಲ್ ಚುಚ್ಚಿದಾಗ ನೂವಿ ಕಂಪ್ಯೂಟರಿನ ಚಿತ್ರ ತೋರಿಸಿ ಸುಮ್ಮನಾದರೆ ಯಂತ್ರದ ತಪ್ಪಲ್ಲ. ಅದಕ್ಕೆ ಅದರದೇ ಕಾರ್ ಕೇಬಲ್ ಬೇಕು.

ನಿಲ್ಲಿಸಿದ ಕಾರಿನ ಬಿಸಿಲಿನಲ್ಲಿ ಯಂತ್ರ ಬಿಡಬೇಡಿ. ಒಳಗಿನ ಲಿಥಿಯಂ ಬ್ಯಾಟರಿ ಉಬ್ಬಿ ಪರದೆ ಎದ್ದು ಬಂದಿದ್ದರೆ ಮತ್ತೆ ಚಾರ್ಜಿಗೆ ಹಾಕಬೇಡಿ, ಒತ್ತಿ ಕೂರಿಸಲೂ ಹೋಗಬೇಡಿ. ಬ್ಯಾಟರಿ ಬದಲಿಸುವವರ ಕೈಗೆ ಕೊಡಿ.