ಲ್ಯಾಬಿನಲ್ಲಿ ಐಪಿ ಹಂಚುತ್ತಿದ್ದ ಎರಡನೇ ಸರ್ವರ್

ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ನೆಟ್‌ವರ್ಕಿನಲ್ಲಿ ಪ್ರತಿ ಕಂಪ್ಯೂಟರಿಗೂ ಬೇಕಾದ ಗುರುತಿನ ನಂಬರು, ಅಂದರೆ ಐಪಿ ಅಡ್ರೆಸ್ ಹಂಚಲು ಒಂದು ಲಿನಕ್ಸ್ ಯಂತ್ರದಲ್ಲಿ ಡಿಎನ್‌ಎಸ್‌ಮಾಸ್ಕ್ ಎಂಬ ಸಾಫ್ಟ್‌ವೇರ್ ಹಾಕಿದ್ದೇನೆ. ಅದೇ ನಮ್ಮ ಸರ್ವರ್. ಎಲ್ಲ ಕಂಪ್ಯೂಟರಿಗೂ 192.168.10 ಸಾಲಿನ ಅಡ್ರೆಸ್ಸೇ ಬರಬೇಕು. ಒಮ್ಮೆ ಇದ್ದಕ್ಕಿದ್ದಂತೆ ಕೆಲವಕ್ಕೆ ಮಾತ್ರ ಇಂಟರ್‌ನೆಟ್ ಹೋಯಿತು, ಪ್ರಿಂಟರೂ ಸಿಗಲಿಲ್ಲ. ಪಕ್ಕದ ಕಂಪ್ಯೂಟರ್ ಮಾತ್ರ ಸರಿಯಾಗೇ ಇತ್ತು.

ಇಂಥ ಹೊತ್ತಲ್ಲಿ ಸುಮ್ನೆ ಕೇಬಲ್ ಕಿತ್ತು ಹಾಕುತ್ತಾ ಕೂರಬಾರದು. ಮೊದಲು ಅಡ್ರೆಸ್ ನೋಡಬೇಕು. ಅದು 169.254ರಿಂದ ಶುರುವಾಗಿದ್ದರೆ ಯಾವ ಸರ್ವರೂ ಉತ್ತರ ಕೊಟ್ಟಿಲ್ಲ, ಕಂಪ್ಯೂಟರ್ ತಾನೇ ಒಂದನ್ನು ಹಾಕಿಕೊಂಡಿದೆ ಎಂದರ್ಥ. ನನಗೆ ಕಂಡದ್ದು 192.168.0.104. ಉತ್ತರವೇನೋ ಬಂದಿದೆ, ಆದರೆ ನಮ್ಮ ಸರ್ವರಿನಿಂದ ಅಲ್ಲ.

ಅಡ್ರೆಸ್ ಹಂಚುವ ಪದ್ಧತಿಯಾದ ಡಿಎಚ್‌ಸಿಪಿ ಕೆಲಸ ಮಾಡುವುದೇ ಹಾಗೆ. ಹೊಸದಾಗಿ ಆನ್ ಆದ ಕಂಪ್ಯೂಟರಿಗೆ ಸರ್ವರ್ ಎಲ್ಲಿದೆ ಅಂತ ಗೊತ್ತಿರಲ್ಲ. ಅಡ್ರೆಸ್ ಬೇಕು ಅಂತ ಇಡೀ ನೆಟ್‌ವರ್ಕಿಗೆ ಕೂಗಿ ಹೇಳುತ್ತದೆ. ಸಾಮಾನ್ಯವಾಗಿ ಮೊದಲು ಬಂದ ಆಫರನ್ನೇ ಒಪ್ಪಿಕೊಳ್ಳುತ್ತದೆ. ಕೊಟ್ಟವರು ಅಸಲಿಯೇ ಅಂತ ಪರೀಕ್ಷಿಸುವ ಏರ್ಪಾಡು ಡಿಎಚ್‌ಸಿಪಿಯ ನಿಯಮ ಹೇಳುವ 1997ರ ದಾಖಲೆ ಆರ್‌ಎಫ್‌ಸಿ 2131ರಲ್ಲಿ ಇಲ್ಲ. ಡಿಎನ್‌ಎಸ್‌ಮಾಸ್ಕ್ ಹೊಸ ಅಡ್ರೆಸ್ ಕೊಡುವ ಮುನ್ನ ಅದು ಬೇರೆ ಕಡೆ ಬಳಕೆಯಲ್ಲಿದೆಯಾ ಅಂತ ಪಿಂಗ್ ಮಾಡಿ, ಅಂದರೆ ಆ ಅಡ್ರೆಸ್ಸಿಗೆ ಸಣ್ಣ ಸಂದೇಶ ಕಳಿಸಿ ನೋಡುತ್ತದೆ. ಒಳ್ಳೆಯ ಅಭ್ಯಾಸವೇ, ಆದರೆ ಅಷ್ಟರಲ್ಲಿ ಇನ್ನೊಬ್ಬರ ಆಫರ್ ಮುಂದಾಗಿಬಿಡಬಹುದು.

ಕೆಟ್ಟ ಕಂಪ್ಯೂಟರಿನಲ್ಲಿ ‘ಐಪಿಕಾನ್ಫಿಗ್ /ಆಲ್’ ಎಂಬ ಕಮಾಂಡ್ ಕೊಟ್ಟೆ. ಡಿಎಚ್‌ಸಿಪಿ ಸರ್ವರ್ ಎಂಬ ಸಾಲಿನಲ್ಲಿ 192.168.0.1 ಇತ್ತು. ‘ಎಆರ್‌ಪಿ -ಎ’ ಕಮಾಂಡ್ ಅದರ ಮ್ಯಾಕ್ ಅಡ್ರೆಸ್ (ಯಂತ್ರದ ಹಾರ್ಡ್‌ವೇರ್ ಗುರುತು) ತೋರಿಸಿತು. ಕೇಬಲ್‌ಗಳೆಲ್ಲ ಬಂದು ಸೇರುವ ಸ್ವಿಚ್ಚಿನ ಮ್ಯಾಕ್ ಟೇಬಲ್ಲಿನಲ್ಲಿ (ಯಾವ ಪೋರ್ಟಿನಲ್ಲಿ ಯಾವ ಯಂತ್ರ ಎಂಬ ಪಟ್ಟಿ) ಅದನ್ನು ಹುಡುಕಿದರೆ ಪೋರ್ಟ್ ಸಿಕ್ಕಿತು. ಕೇಬಲ್ ಹಿಡಿದು ಹೋದರೆ ಸ್ಟಾಫ್ ರೂಮಿನ ಕಪಾಟಿನ ಹಿಂದೆ ಮನೆ ಬಳಕೆಯ ವೈಫೈ ರೂಟರ್! ಗೋಡೆಯಿಂದ ಬಂದ ಕೇಬಲನ್ನು ಹೊರಗಿನ ನೆಟ್‌ವರ್ಕಿಗೆಂದಿರುವ ವ್ಯಾನ್ ಪೋರ್ಟಿನ ಬದಲು ಒಳಗಿನ ಯಂತ್ರಗಳಿಗೆಂದಿರುವ ಲ್ಯಾನ್ ಪೋರ್ಟಿಗೆ ಚುಚ್ಚಿದ್ದರು. ಹಾಗಾಗಿ ಅದು ನಮ್ಮ ನೆಟ್‌ವರ್ಕಿಗೂ ಅಡ್ರೆಸ್ ಹಂಚುತ್ತಿತ್ತು. ಫೋನಿಗೆ ವೈಫೈ ಬೇಕಿತ್ತು, ಅಷ್ಟೇ. ಬೈಯುವ ವಿಷಯವೇ ಅಲ್ಲ. ರೂಟರಿನ ಡಿಎಚ್‌ಸಿಪಿ ಆಫ್ ಮಾಡಿ, ಅದಕ್ಕೆ ನಮ್ಮ ಸಾಲಿನಲ್ಲೇ ಒಂದು ಖಾಯಂ ಅಡ್ರೆಸ್ ಕೊಟ್ಟು ಅಲ್ಲೇ ಬಿಟ್ಟೆ. ವೈಫೈ ಅವರಿಗೆ ಉಳಿಯಿತು.

ಅಷ್ಟಕ್ಕೇ ಎಲ್ಲ ಸರಿ ಹೋಗಲ್ಲ. ತಪ್ಪು ಅಡ್ರೆಸ್ ಪಡೆದ ಕಂಪ್ಯೂಟರುಗಳು ಲೀಸ್ (ಅಡ್ರೆಸ್ ಬಳಸಲು ಕೊಟ್ಟ ಅವಧಿ) ಮುಗಿಯುವವರೆಗೂ ಅದನ್ನೇ ಹಿಡಿದು ಕೂರಬಹುದು. ಪ್ರತಿಯೊಂದರಲ್ಲೂ ‘ರಿಲೀಸ್’ (ಹಳೆಯದನ್ನು ಬಿಡುವುದು), ‘ರಿನ್ಯೂ’ (ಮತ್ತೆ ಕೇಳುವುದು) ಮಾಡಬೇಕಾಯಿತು.

ಆಮೇಲೆ ಸ್ವಿಚ್ಚಿನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಎಂಬ ಕಾವಲು ಸೌಲಭ್ಯ ಆನ್ ಮಾಡಿ, ನಮ್ಮ ಸರ್ವರ್ ಇರುವ ಪೋರ್ಟನ್ನು ಮಾತ್ರ ಟ್ರಸ್ಟೆಡ್ (ನಂಬಬಹುದಾದದ್ದು) ಎಂದು ಗುರುತಿಸಿದೆ. ಬೇರೆ ಪೋರ್ಟಿನಿಂದ ಬರುವ ಆಫರುಗಳನ್ನು ಸ್ವಿಚ್ಚೇ ತಡೆಯುತ್ತದೆ. ಸೆಟ್ಟಿಂಗ್ ಬದಲಿಸಲಾಗದ ಅಗ್ಗದ ಅನ್‌ಮ್ಯಾನೇಜ್ಡ್ ಸ್ವಿಚ್ಚಿನಲ್ಲಿ ಈ ಸೌಲಭ್ಯ ಇರಲ್ಲ. ಲ್ಯಾಬಿಗೆ ಸ್ವಿಚ್ ಕೊಳ್ಳುವವರು ಸ್ವಲ್ಪ ಜಾಸ್ತಿ ಕೊಟ್ಟಾದರೂ ಮ್ಯಾನೇಜ್ಡ್ ಸ್ವಿಚ್ಚನ್ನೇ ತೆಗೆದುಕೊಳ್ಳಿ.